ಹೊಸ ಕಪ್ಪೆ ತರುವ ಮುನ್ನ ಗಾಜಿನ ತೊಟ್ಟಿಯನ್ನು ರೋಗಾಣುಮುಕ್ತಗೊಳಿಸುವ ಬಗೆ

ವೈವೇರಿಯಂ ಎಂದರೆ ಪ್ರಾಣಿ ಬದುಕುವ ನೆಲೆಯನ್ನೇ ಚಿಕ್ಕದಾಗಿ ಮಾಡಿ ಗಾಜಿನ ತೊಟ್ಟಿಯೊಳಗೆ ಕೂಡಿಸಿಟ್ಟ ವ್ಯವಸ್ಥೆ. ಮೀನಿಗೆ ಅಕ್ವೇರಿಯಂ ಇದ್ದಂತೆ ಕಪ್ಪೆ, ಹಲ್ಲಿ ಜಾತಿಯ ಪ್ರಾಣಿಗಳಿಗೆ ಇದು. ತಳದಲ್ಲಿ ತೆಂಗಿನ ನಾರಿನ ಪುಡಿ ಅಥವಾ ಮಣ್ಣು, ಅದರ ಮೇಲೆ ಹಾವಸೆ, ಒಂದೆರಡು ಕಟ್ಟಿಗೆ ತುಂಡು, ಪುಟ್ಟ ಗಿಡಗಳು, ನೀರಿನ ಬಟ್ಟಲು, ಮೇಲೊಂದು ಜಾಲರಿಯ ಮುಚ್ಚಳ. ಮಲಯಾಳದಲ್ಲಿ ತವಳ, ತಮಿಳಿನಲ್ಲಿ ತವಳೈ, ತೆಲುಗಿನಲ್ಲಿ ಕಪ್ಪ, ಮರಾಠಿಯಲ್ಲಿ ಬೇಡೂಕ್ ಎಂದು ಕರೆಸಿಕೊಳ್ಳುವ ಈ ಪ್ರಾಣಿಯನ್ನು ಮನೆಯಲ್ಲಿ ಸಾಕುವುದೇ ಎಂದು ಹಿರಿಯರು ಮೂಗು ಮುರಿಯಬಹುದು. ಆದರೆ ನಮ್ಮ ಪೇಟೆಗಳ ಅಲಂಕಾರಿಕ ಮೀನಿನ ಅಂಗಡಿಗಳಿಗೂ ಈಗ ವಿದೇಶಿ ಕಪ್ಪೆಗಳು ಬರುತ್ತಿವೆ, ಕೊಳ್ಳುವವರೂ ಇದ್ದಾರೆ.

ಹೀಗೆ ಕೊಂಡ ಕಪ್ಪೆ ಕೆಲವು ತಿಂಗಳಲ್ಲಿ ಸತ್ತರೆ ಹೆಚ್ಚಿನವರು ಮಾಡುವುದು ಒಂದೇ. ಸತ್ತದ್ದನ್ನು ಎಸೆದು, ತೊಟ್ಟಿಗೆ ಎರಡು ಚೊಂಬು ನೀರು ಹುಯ್ದು ಒರೆಸಿ, ವಾರದೊಳಗೆ ಹೊಸ ಜೋಡಿ ತಂದು ಬಿಡುತ್ತಾರೆ. ಅದೂ ಸಾಯುತ್ತದೆ. ಅಂಗಡಿಯವರು ಕೊಟ್ಟ ಕಪ್ಪೆಯೇ ಸರಿಯಿಲ್ಲ ಎಂಬ ದೂರು ಬರುತ್ತದೆ. ದೂರಿನಲ್ಲಿ ಕೆಲವೊಮ್ಮೆ ಸತ್ಯವಿರುತ್ತದೆ, ಆದರೆ ಅನೇಕ ಸಲ ಕೊಲ್ಲುವುದು ಹಳೆಯ ತೊಟ್ಟಿ. ಕೆಲವೊಮ್ಮೆ ಅದನ್ನು ತೊಳೆಯಲು ಬಳಸಿದ ಔಷಧಿಯೂ ಕೊಲ್ಲುತ್ತದೆ.

ವಾಷಿಂಗ್ಟನ್ ಮೃಗಾಲಯದಲ್ಲಿ ಸಿಕ್ಕ ಕೊಲೆಗಾರ

ಕಪ್ಪೆಗಳ ಅತಿ ದೊಡ್ಡ ಶತ್ರುವೆಂದು ಇಂದು ಹೆಸರಾಗಿರುವ ರೋಗ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಇಂಥದೇ ಗಾಜಿನ ತೊಟ್ಟಿಯ ಕಪ್ಪೆಗಳಲ್ಲಿ. 1990ರ ದಶಕದ ಕೊನೆಯಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸಾಕಿದ್ದ ದಕ್ಷಿಣ ಅಮೆರಿಕದ ವಿಷಕಪ್ಪೆಗಳು ಒಂದೊಂದಾಗಿ ಸತ್ತವು. ಅಲ್ಲಿನ ರೋಗಶಾಸ್ತ್ರಜ್ಞರಾದ ಡೊನಾಲ್ಡ್ ನಿಕೋಲ್ಸ್ ಮತ್ತು ಅಲನ್ ಪೆಸಿಯರ್ ಅವರು ಮೇಯ್ನ್ ವಿಶ್ವವಿದ್ಯಾಲಯದ ಶಿಲೀಂಧ್ರ ತಜ್ಞೆ ಜಾಯ್ಸ್ ಲಾಂಗ್‌ಕೋರ್ ಅವರ ಜತೆ ಸೇರಿ, ನೀಲಿ ಬಣ್ಣದ ಒಂದು ಕಪ್ಪೆಯ ಚರ್ಮದಿಂದ ಬೇರ್ಪಡಿಸಿದ ಹೊಸ ಶಿಲೀಂಧ್ರವನ್ನು 1999ರಲ್ಲಿ ಜಗತ್ತಿಗೆ ಪರಿಚಯಿಸಿದರು. ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂಬುದು ಅದರ ಉದ್ದನೆಯ ಹೆಸರು. ಗ್ರೀಕಿನಲ್ಲಿ ಬ್ಯಾಟ್ರಕೋಸ್ ಎಂದರೆ ಕಪ್ಪೆ, ಕೈಟ್ರಾ ಎಂದರೆ ಮಣ್ಣಿನ ಮಡಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಬೀಜಕೋಶ ಮಡಕೆಯಂತೆಯೇ ಕಾಣುತ್ತದೆ. ಸುಲಭಕ್ಕೆ ಇದನ್ನು ಕೈಟ್ರಿಡ್ ಎನ್ನುತ್ತಾರೆ.

ಆ ಮಡಕೆಯಿಂದ ಹೊರಬೀಳುವ ಬೀಜಾಣುವಿಗೆ ಬಾಲವಿದೆ, ಅದು ನೀರಿನಲ್ಲಿ ಈಜುತ್ತದೆ. ಕಪ್ಪೆಯ ಚರ್ಮ ಸಿಕ್ಕರೆ ಅದರ ಮೇಲ್ಪದರಕ್ಕೆ ನುಗ್ಗಿ ಮತ್ತೆ ಮಡಕೆಯಾಗುತ್ತದೆ. ಚರ್ಮ ದಪ್ಪಗಾಗಿ, ದೇಹದೊಳಗಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳ ಪ್ರಮಾಣ ಏರುಪೇರಾಗಿ, ಕೊನೆಗೆ ಕಪ್ಪೆಯ ಹೃದಯ ನಿಲ್ಲುತ್ತದೆ. ಇದು 2009ರಲ್ಲಿ ಪ್ರಯೋಗದಿಂದ ಖಚಿತವಾಯಿತು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಈ ರೋಗದಿಂದ ಜಗತ್ತಿನಾದ್ಯಂತ ಕನಿಷ್ಠ 501 ಬಗೆಯ ಉಭಯಚರಗಳು ಕುಗ್ಗಿವೆ, ಅವುಗಳಲ್ಲಿ 90 ಬಗೆಗಳು ಅಳಿದೇ ಹೋಗಿರಬಹುದು. ಈ ಲೆಕ್ಕದ ಬಗ್ಗೆ ಇತರ ವಿಜ್ಞಾನಿಗಳು ಪ್ರಶ್ನೆ ಎತ್ತಿದ್ದೂ ಉಂಟು. ಆದರೆ ರೋಗ ಭೀಕರ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪನಾಮಾ ದೇಶದ ಎಲ್ ವಾಯೆ ಎಂಬ ಊರಿಗೆ 2006ರಲ್ಲಿ ರೋಗ ಬಂದಾಗ ಹೂಸ್ಟನ್ ಮೃಗಾಲಯದ ನೇತೃತ್ವದಲ್ಲಿ ಕಾಡಿನ ಕಪ್ಪೆಗಳನ್ನು ಹಿಡಿದು ತಂದು, ಔಷಧಿಯ ನೀರಿನಲ್ಲಿ ಮೀಯಿಸಿ, ಸ್ಥಳೀಯ ಹೋಟೆಲೊಂದರ ಕೋಣೆಗಳಲ್ಲಿ ಇಟ್ಟು ಉಳಿಸಬೇಕಾಯಿತು. ಆ ದೇಶದ ಹೆಮ್ಮೆಯಾಗಿದ್ದ ಚಿನ್ನದ ಬಣ್ಣದ ಕಪ್ಪೆ 2009ರ ನಂತರ ಕಾಡಿನಲ್ಲಿ ಕಂಡಿಲ್ಲ. ತೊಟ್ಟಿಗಳಲ್ಲಿ ಮಾತ್ರ ಇದೆ.

ತೊಟ್ಟಿಯನ್ನು ಒಂದು ವಾರ ಖಾಲಿ ಬಿಟ್ಟರೆ ರೋಗಾಣು ತಾನಾಗಿ ಸಾಯುತ್ತದೆ ಎಂದು ಕೆಲವರು ಹೇಳುವುದುಂಟು. ಒದ್ದೆ ಇರುವವರೆಗೆ ಸಾಯುವುದಿಲ್ಲ. ಬೇರೆ ಸೂಕ್ಷ್ಮಜೀವಿಗಳಿಲ್ಲದ ಕೆರೆಯ ನೀರಿನಲ್ಲಿ ಕೈಟ್ರಿಡ್ 7 ವಾರ, ಒದ್ದೆ ಮರಳಿನಲ್ಲಿ ಸುಮಾರು 3 ತಿಂಗಳು ಉಳಿದದ್ದನ್ನು ಆಸ್ಟ್ರೇಲಿಯದ ಸಂಶೋಧಕರು ತೋರಿಸಿದ್ದಾರೆ. ಜತೆಗೆ ಇದೊಂದೇ ರೋಗವಲ್ಲ. ರಾನಾವೈರಸ್ ಎಂಬ ವೈರಾಣು, ಮೈಕೊಬ್ಯಾಕ್ಟೀರಿಯಾ, ಮಣ್ಣಿನಲ್ಲಿ ಮರಿ ಬಿಡುವ ಶ್ವಾಸಕೋಶದ ಹುಳು ಇವೂ ಹಳೆಯ ತೊಟ್ಟಿಯಲ್ಲಿ ಕಾದು ಕೂತಿರಬಹುದು.

ಫಿನಾಯಿಲ್ ಬೇಡ

ನಮ್ಮ ಕಡೆ ರೋಗಾಣು ಎಂದ ಕೂಡಲೇ ಕೈ ಹೋಗುವುದು ಫಿನಾಯಿಲ್ ಡಬ್ಬಿಗೆ, ಇಲ್ಲವೇ ಗಾಯಕ್ಕೆ ಹಚ್ಚುವ ವಾಸನೆಯ ನಂಜುನಿರೋಧಕ ದ್ರಾವಣಕ್ಕೆ. ಕಪ್ಪೆಯ ತೊಟ್ಟಿಗೆ ಇವೆರಡೂ ಸಲ್ಲವು.

ಕಾರಣ ಸರಳ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಅಡಿ, ತೊಡೆಯ ಕೆಳಗಿನ ತೆಳುಚರ್ಮದಿಂದ ನೀರು ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ಹೀಗಾಗಿ ಅದು ಕೂತ ಜಾಗದಲ್ಲಿ ಏನಿದೆಯೋ ಅದೆಲ್ಲ ಮೈಯೊಳಗೆ ಹೋಗುತ್ತದೆ. ಫಿನಾಯಿಲ್ ಜಾತಿಯ ರಾಸಾಯನಿಕಗಳು ಗಾಜಿನ ಮೂಲೆಯ ಸಿಲಿಕೋನ್ ಅಂಟಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಅಂಟಿಕೊಂಡು ಬಹಳ ದಿನ ಉಳಿಯುತ್ತವೆ. ನಮಗೆ ವಾಸನೆ ಹೋಗಿದೆ ಎನ್ನಿಸಿದರೂ ಕಪ್ಪೆಗೆ ಅಷ್ಟು ಸಾಕು. ನೆಲ ಒರೆಸುವ ಸುವಾಸನೆಯ ದ್ರವಗಳಿಗೂ ಇದೇ ಮಾತು.

ಆದ್ದರಿಂದ ಬಳಸುವ ಔಷಧಿಗೆ ಎರಡು ಗುಣ ಬೇಕು. ರೋಗಾಣುವನ್ನು ಕೊಲ್ಲಬೇಕು, ಆಮೇಲೆ ಪೂರ್ತಿಯಾಗಿ ಹೊರಟು ಹೋಗಬೇಕು. ಈ ಎರಡನ್ನೂ ಮಾಡುವ ಅಗ್ಗದ ವಸ್ತು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. 70 ಪ್ರತಿಶತದ ಆಲ್ಕೋಹಾಲ್ ಸಹ ಕೈಟ್ರಿಡ್ಡನ್ನು ಒಂದು ನಿಮಿಷದಲ್ಲಿ ಕೊಲ್ಲುತ್ತದೆ ಮತ್ತು ಆರಿ ಹೋಗುತ್ತದೆ, ಆದರೆ ಇಡೀ ತೊಟ್ಟಿಗೆ ದುಬಾರಿ, ಬೆಂಕಿಯ ಭಯ ಬೇರೆ. ಹಳ್ಳಿಯ ಮೆಡಿಕಲ್ ಅಂಗಡಿಯಲ್ಲೂ ಸಿಗುವ ಪೊಟ್ಯಾಸಿಯಂ ಪರ್ಮಾಂಗನೇಟ್ ಹೇಗೆ ಎಂದು ಕೇಳುವವರಿದ್ದಾರೆ. ಪರೀಕ್ಷೆಯಲ್ಲಿ ಅದು ರಾನಾವೈರಸ್ಸನ್ನು ಕೊಲ್ಲಲಿಲ್ಲ. ನೇರಳೆ ಬಣ್ಣ ನೋಡಿ ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೊದಲು ಕೊಳೆ, ಆಮೇಲೆ ಔಷಧಿ

ಬಹಳಷ್ಟು ಜನ ಎಡವುವುದು ಇಲ್ಲಿ. ಕೊಳೆಯಾದ ತೊಟ್ಟಿಗೆ ನೇರವಾಗಿ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಮಣ್ಣು, ಹಿಕ್ಕೆ, ಲೋಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಲೋಳೆಯ ಅಡಿಯಲ್ಲಿದ್ದ ರೋಗಾಣು ಸುಖವಾಗಿರುತ್ತದೆ.

ತೊಟ್ಟಿಯೊಳಗಿನ ಮಣ್ಣು, ನಾರಿನ ಪುಡಿ, ಹಾವಸೆ, ಒಣ ಎಲೆ ಎಲ್ಲವನ್ನೂ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಇವನ್ನು ಶುದ್ಧಮಾಡಿ ಮತ್ತೆ ಬಳಸುವ ಆಸೆ ಬೇಡ, ನಾರಿನ ಪುಡಿಗೆ ಎಷ್ಟು ಮಹಾ ಬೆಲೆ? ನಂತರ ಸಾಬೂನು ನೀರು, ಬ್ರಶ್ಶು ಹಿಡಿದು ಗಾಜನ್ನು ಉಜ್ಜಿ. ಮೂಲೆಗಳ ಸಿಲಿಕೋನ್ ಅಂಟು, ಬಾಗಿಲಿನ ಜಾರುಪಟ್ಟಿ, ಜಾಲರಿಯ ಅಂಚು ಈ ಜಾಗಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು ಒಳ್ಳೆಯದು. ಆದವಾನಿ, ರಾಯದುರ್ಗ, ಸೊಲ್ಲಾಪುರದ ಕಡೆಯ ಬೋರ್‌ವೆಲ್ ನೀರಿನಿಂದ ಗಾಜಿನ ಮೇಲೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಅದನ್ನು ವಿನಿಗರ್ ಅಥವಾ ನಿಂಬೆರಸದಿಂದ ತೆಗೆಯಬಹುದು. ಆದರೆ ಹುಳಿಯ ಅಂಶ ಒಂದಿಷ್ಟೂ ಉಳಿಯದಂತೆ ತೊಳೆದ ಮೇಲೆಯೇ ಬ್ಲೀಚ್ ಮುಟ್ಟಬೇಕು. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡಿನ ಜತೆ ಬ್ಲೀಚ್ ಬೆರೆಸಿದರೆ ಇನ್ನೂ ಅಪಾಯ. ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜತೆಗೂ ಬೆರೆಸಬಾರದು.

ಸಾಬೂನು ಪೂರ್ತಿ ಹೋದ ಮೇಲೆ ಬ್ಲೀಚಿನ ಸರದಿ. ಬಾಟಲಿಯ ಚೀಟಿಯಲ್ಲಿ ಎಷ್ಟು ಪ್ರತಿಶತ ಎಂದು ನೋಡಿ. 4 ಪ್ರತಿಶತ ಇದ್ದರೆ ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು, 5 ಪ್ರತಿಶತ ಇದ್ದರೆ ನಾಲ್ಕು ಪಾಲು ನೀರು ಬೆರೆಸಿದರೆ 1 ಪ್ರತಿಶತದ ದ್ರಾವಣ ಸಿಗುತ್ತದೆ. ಪ್ರಯೋಗಶಾಲೆಯಲ್ಲಿ ಇಷ್ಟು ಗಾಢತೆಗೆ ಕೈಟ್ರಿಡ್ ಒಂದು ನಿಮಿಷದಲ್ಲಿ ಸಾಯುತ್ತದೆ. ಮನೆಯ ತೊಟ್ಟಿ ಪ್ರಯೋಗಶಾಲೆಯಲ್ಲವಾದ್ದರಿಂದ 15 ನಿಮಿಷ ಕೊಡಬೇಕು. ತೊಟ್ಟಿ ತುಂಬಿಸಬೇಕಿಲ್ಲ. ನಾಲ್ಕು ಲೀಟರು ದ್ರಾವಣ ತಳಕ್ಕೆ ಹುಯ್ದು, ಸ್ಪಂಜಿನಿಂದ ಗೋಡೆಗಳನ್ನು ಮತ್ತೆ ಮತ್ತೆ ಒದ್ದೆಮಾಡುತ್ತ, ಆ 15 ನಿಮಿಷ ಎಲ್ಲಿಯೂ ಆರದಂತೆ ನೋಡಿಕೊಂಡರಾಯಿತು. ನೀರಿನ ಬಟ್ಟಲು, ಇಕ್ಕಳ, ಪಂಪು, ಅದರ ಕೊಳವೆ ಎಲ್ಲವೂ ಅದೇ ದ್ರಾವಣದಲ್ಲಿ ಮುಳುಗಿರಲಿ. ಪಂಪನ್ನು ಅದರಲ್ಲೇ ಓಡಿಸಿ, ಇಲ್ಲದಿದ್ದರೆ ಕೊಳವೆಯ ಒಳಗಿನ ಲೋಳೆಗೆ ಔಷಧಿ ತಾಗುವುದಿಲ್ಲ. ಕೈಗೆ ರಬ್ಬರ್ ಗವಸು, ಮೈಮೇಲೆ ಹಳೆಯ ಬಟ್ಟೆ, ಜಾಗ ಅಂಗಳದ್ದು.

ಬ್ಲೀಚ್ ಬಾಟಲಿ ಸಿಗದ ಊರಿನಲ್ಲಿ ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆ. ಹೊಸ ಪೌಡರಿನಲ್ಲಿ ಸುಮಾರು 30 ಪ್ರತಿಶತ ಕ್ಲೋರಿನ್ ಇರುತ್ತದೆ, ಲೀಟರಿಗೆ 35 ಗ್ರಾಂ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಳಸಬೇಕು. ತೊಂದರೆಯೆಂದರೆ ಚೀಲ ಬಿಚ್ಚಿಟ್ಟರೆ ಇದರ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಬಿಚ್ಚಿ ಗಟ್ಟಿಯಾದ ಪೌಡರನ್ನು ನಂಬುವಂತಿಲ್ಲ. ದ್ರವ ಬ್ಲೀಚೂ ಬಿಸಿಲಿನಲ್ಲಿಟ್ಟರೆ ಸಪ್ಪೆಯಾಗುತ್ತದೆ, ನೀರು ಬೆರೆಸಿದ್ದನ್ನು ಅಂದೇ ಬಳಸಿ ಮುಗಿಸಬೇಕು.

ಹಳೆಯ ಕಪ್ಪೆ ಮೈಮೇಲೆ ಗಂಟು, ಹುಣ್ಣಾಗಿ ಸೊರಗಿ ಸತ್ತಿದ್ದರೆ ಸ್ವಲ್ಪ ಯೋಚಿಸಬೇಕು. ಅದು ಮೈಕೊಬ್ಯಾಕ್ಟೀರಿಯಾ ಇರಬಹುದು. ಈ ರೋಗಾಣು ಕ್ಲೋರಿನ್ನಿಗೆ ಸುಲಭಕ್ಕೆ ಬಗ್ಗುವುದಿಲ್ಲ, ತೊಳೆಯುವವರ ಕೈಯ ಗಾಯದ ಮೂಲಕ ಮನುಷ್ಯರಿಗೂ ಅಂಟಿ ವಾಸಿಯಾಗದ ಹುಣ್ಣು ಮಾಡುತ್ತದೆ. ಅಂಥ ತೊಟ್ಟಿಯ ಸಾಮಾನನ್ನೆಲ್ಲ ಬಿಸಾಡಿ, ಗಾಜನ್ನು ಬ್ಲೀಚಿನ ನಂತರ 70 ಪ್ರತಿಶತದ ಆಲ್ಕೋಹಾಲಿನಿಂದಲೂ ಒರೆಸುವುದು ಕ್ಷೇಮ. ಸತ್ತ ಕಪ್ಪೆಯನ್ನು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸದೆ, ತಣ್ಣಗೆ ಇಟ್ಟು ಅಂದೇ ಪಶುವೈದ್ಯರಿಗೆ ತೋರಿಸಿದರೆ ಸಾವಿನ ಕಾರಣ ತಿಳಿಯುವ ಸಾಧ್ಯತೆ ಇದೆ. ವಯನಾಡಿನವರಿಗೆ ಪೂಕೋಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹತ್ತಿರವೇ ಇದೆ, ವಿಚಾರಿಸಿ ನೋಡಬಹುದು.

ಔಷಧಿಯನ್ನು ತೆಗೆಯುವುದು

ಇನ್ನು ಬ್ಲೀಚನ್ನು ಹೊರಹಾಕಬೇಕು. ನಾಲ್ಕೈದು ಸಲ ಸ್ವಚ್ಛ ನೀರಿನಲ್ಲಿ ತೊಳೆಯಿರಿ. ಮೂಗು ಹತ್ತಿರ ಹಿಡಿದರೂ ವಾಸನೆ ಬರಬಾರದು. ಕೊನೆಯ ಸಲ ತೊಳೆಯುವ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದರೆ ಉಳಿದ ಕ್ಲೋರಿನ್ ನಿಷ್ಕ್ರಿಯವಾಗುತ್ತದೆ. ಹೆಸರು ದೊಡ್ಡದಾದರೂ ಇದು ಹಳಬರಿಗೆ ಗೊತ್ತಿರುವ ವಸ್ತುವೇ. ರೀಲು ಫೋಟೋಗಳ ಕಾಲದಲ್ಲಿ ಸ್ಟುಡಿಯೋದವರು ಕತ್ತಲಕೋಣೆಯಲ್ಲಿ ಬಳಸುತ್ತಿದ್ದ 'ಹೈಪೋ' ಹರಳು ಇದು. ಈಗ ಮೀನಿನ ಅಂಗಡಿಯಲ್ಲಿ ಕ್ಲೋರಿನ್ ನಿವಾರಕ ಎಂದು ಸಿಗುತ್ತದೆ, ಚೀಟಿಯಲ್ಲಿರುವ ಪ್ರಮಾಣದಂತೆ ಹಾಕಿದರೆ ಸಾಕು. ಕುಡಿಯುವ ನೀರಿನ ಬಾವಿಗೆ ಪಂಚಾಯಿತಿಯವರು ಆಗಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ನೀರನ್ನು ಕಪ್ಪೆಯ ಬಟ್ಟಲಿಗೆ ಹಾಕುವಾಗಲೂ ಇದೇ ಹರಳು ನೆನಪಿರಲಿ.

ಆಮೇಲೆ ಒಣಗಿಸುವುದು. ಕೈಟ್ರಿಡ್ಡಿಗೆ ನೀರೇ ಪ್ರಾಣ. ಪೂರ್ತಿ ಒಣಗಿದರೆ ಅದು ಮೂರು ಗಂಟೆಯಲ್ಲಿ ಸಾಯುತ್ತದೆ. ಹಾಗಾದರೆ ಬಿಸಿಲಿಗಿಟ್ಟರೆ ಸಾಲದೇ, ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಬಿಸಿಲಿನಲ್ಲಿ ಕೆಲಸ ಮಾಡುವುದು ಶಾಖ ಮತ್ತು ಒಣಗುವಿಕೆ. ನೇರಳಾತೀತ ಕಿರಣಕ್ಕೆ ಕೈಟ್ರಿಡ್ ಪ್ರಯೋಗದಲ್ಲಿ ಜಗ್ಗಲಿಲ್ಲ, ಆ ಕಿರಣದ ಒಂದು ಭಾಗವನ್ನಂತೂ ತೊಟ್ಟಿಯ ಗಾಜೇ ತಡೆಯುತ್ತದೆ. ಏಪ್ರಿಲ್ ತಿಂಗಳ ಆದವಾನಿಯಲ್ಲಿ 40 ಡಿಗ್ರಿ ಬಿಸಿಲಿಗೆ ತೊಟ್ಟಿ ಒಂದೇ ದಿನದಲ್ಲಿ ಗರಿಗರಿ ಒಣಗುತ್ತದೆ. ಜುಲೈ ತಿಂಗಳ ಕಾಸರಗೋಡಿನಲ್ಲಿ ವಾರ ಕಳೆದರೂ ಜಾರುಪಟ್ಟಿಯೊಳಗೆ ಪಸೆ ಇರುತ್ತದೆ. ನೀಲಗಿರಿಯ ತಂಪಂತೂ ಈ ಶಿಲೀಂಧ್ರಕ್ಕೆ ಬೇಕಾದದ್ದೇ, ಅದು ಚೆನ್ನಾಗಿ ಬೆಳೆಯುವುದು 17ರಿಂದ 25 ಡಿಗ್ರಿಯ ನಡುವೆ. ಹಾಗಾಗಿ ಬಿಸಿಲು ಬ್ಲೀಚಿಗೆ ಬದಲಿಯಲ್ಲ, ಅದರ ಮೇಲಿನ ಎರಡನೆಯ ಬೀಗ. ರಾನಾವೈರಸ್ಸಿಗೆ ಒಣಗಿಸುವುದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಕಟ್ಟಿಗೆ ಮತ್ತು ಕಲ್ಲಿನ ಕಥೆ ಬೇರೆ. ಕಟ್ಟಿಗೆ ಬ್ಲೀಚನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಅದನ್ನು ಹಂಡೆಯ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಒಣಗಿಸಬೇಕು. 60 ಡಿಗ್ರಿಗೆ ಐದೇ ನಿಮಿಷದಲ್ಲಿ ಸಾಯುವ ಕೈಟ್ರಿಡ್ ಕುದಿಯುವ ನೀರಿನಲ್ಲಿ ಉಳಿಯುವ ಮಾತಿಲ್ಲ, ಆದರೆ ಶಾಖ ದಪ್ಪ ತುಂಡಿನ ಒಡಲಿಗೆ ಮುಟ್ಟಲು ಸಮಯ ಬೇಕು. ಕಲ್ಲನ್ನು ಒಲೆಯ ಬೆಂಕಿಗೆ ನೇರ ಹಾಕಬೇಡಿ, ಒಳಗಿನ ಪಸೆ ಉಬ್ಬಿ ಸಿಡಿಯಬಹುದು. ಅದನ್ನೂ ಕುದಿಸುವುದೇ ಸರಿ. ಹಳೆಯ ಗಿಡಗಳನ್ನು ಮಾತ್ರ ಯಾವ ವಿಧಾನದಿಂದಲೂ ಪೂರ್ತಿ ಶುದ್ಧ ಮಾಡಲಾಗದು. ಮನೆಯೊಳಗಿನ ಕುಂಡಕ್ಕೆ ಸೇರಿಸಿ, ತೊಟ್ಟಿಗೆ ಹೊಸದು ತನ್ನಿ.

ತೊಳೆದ ನೀರು ಎಲ್ಲಿಗೆ?

ಇಷ್ಟೆಲ್ಲ ಒಂದು ಕಪ್ಪೆಗಾಗಿ ಬೇಕೆ ಎನ್ನಿಸಿದರೆ ಅದಕ್ಕೆ ಉತ್ತರ ತೊಟ್ಟಿಯ ಹೊರಗಿದೆ. ಪಶ್ಚಿಮ ಘಟ್ಟದಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆಗಳಿವೆ. ನೆಲದಡಿ ಬದುಕುವ ನೇರಳೆ ಕಪ್ಪೆ ವಿಜ್ಞಾನಕ್ಕೆ ತಿಳಿದದ್ದೇ 2003ರಲ್ಲಿ. ಮರದಿಂದ ಮರಕ್ಕೆ ತೇಲುವ ಮಲಬಾರಿನ ಹಾರುಗಪ್ಪೆಯನ್ನು ವಯನಾಡಿನ ಮಳೆಗಾಲ ಕಂಡವರು ಬಲ್ಲರು. ಕೈಟ್ರಿಡ್ ಘಟ್ಟದಲ್ಲೂ ಇದೆ ಎಂದು 2010ರ ದಶಕದ ಅಧ್ಯಯನಗಳು ತೋರಿಸಿವೆ. ಆದರೆ ಇಲ್ಲಿ ಸಿಕ್ಕದ್ದು ಏಷ್ಯಾದ ತಳಿ, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಅಲ್ಲಿ ಕೊಂದ ಉಗ್ರ ತಳಿ ಬೇರೆ, ಅದು ಲೋಕವೆಲ್ಲ ಸುತ್ತಿದ್ದರಲ್ಲಿ ಉಭಯಚರಗಳ ವ್ಯಾಪಾರದ ಪಾತ್ರ ದೊಡ್ಡದು. ಈ ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದೂ, ಮಾರಾಟದ ಕಪ್ಪೆಗಳಲ್ಲಿ ಅದರ ಬೇರೆ ಬೇರೆ ತಳಿಗಳು ಸಿಗುತ್ತವೆ ಎಂದೂ 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಯುರೋಪಿನಲ್ಲೂ ಇಂಥದೇ ಆಯಿತು. ಏಷ್ಯಾದಿಂದ ಸಾಕುಪ್ರಾಣಿಗಳ ಜತೆ ಹೋಯಿತೆನ್ನಲಾದ ಇನ್ನೊಂದು ಕೈಟ್ರಿಡ್ ನೆದರ್ಲೆಂಡ್ಸಿನ ಕಾಡಿನ ಸಲಮಾಂಡರ್‌ಗಳನ್ನು ಹೆಚ್ಚುಕಡಿಮೆ ಮುಗಿಸಿತು. ಅದನ್ನು ಗುರುತಿಸಿದ್ದು 2013ರಲ್ಲಿ. ಹೆದರಿದ ಅಮೆರಿಕ 2016ರಲ್ಲಿ 201 ಬಗೆಯ ಸಲಮಾಂಡರ್‌ಗಳ ಆಮದನ್ನೇ ನಿಲ್ಲಿಸಿತು.

ಹಾಗಾಗಿ ತೊಟ್ಟಿಯ ನೀರನ್ನು ಹಾಗೆಯೇ ತೋಡಿಗೆ, ಕೆರೆಗೆ, ಗದ್ದೆಗೆ, ಅಡಿಕೆ ತೋಟದ ಕಣಿಗೆ ಚೆಲ್ಲಬಾರದು. ಬಕೆಟ್ಟಿಗೆ ಹುಯ್ದು, ನಾಲ್ಕು ಪಾಲು ನೀರಿಗೆ ಒಂದು ಪಾಲಿನಂತೆ ಬ್ಲೀಚ್ ಬೆರೆಸಿ, ಒಂದು ಗಂಟೆ ಬಿಟ್ಟು ಶೌಚಗುಂಡಿಗೆ ಹೋಗುವ ಪೈಪಿಗೆ ಹಾಕಿ. ಬ್ಲೀಚ್ ನೀರು ಹೊಳೆಗೆ ಹೋದರೆ ಅದೂ ಮೀನು, ಗೊದಮೊಟ್ಟೆಗೆ ವಿಷವೇ. ಚೀಲದಲ್ಲಿ ಕಟ್ಟಿಟ್ಟ ಮಣ್ಣಿನ ಮೇಲೂ ಬ್ಲೀಚ್ ಸುರಿದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ನಂತರ ಕಸಕ್ಕೆ ಕೊಡಬೇಕು, ತಿಪ್ಪೆಗೆ ಬೇಡ. ಬೇಸರವಾಯಿತೆಂದು ಸಾಕಿದ ಕಪ್ಪೆಯನ್ನು ಹೊಳೆಗೆ ಬಿಡುವುದು ಪುಣ್ಯವಲ್ಲ.

ತೊಳೆಯುವ ಕೆಲಸ ಅಡುಗೆಮನೆಯ ಸಿಂಕಿನಲ್ಲಿ ಬೇಡ. ಅಮೆರಿಕದಲ್ಲಿ 2008ರಿಂದ 2011ರವರೆಗೆ ಆಫ್ರಿಕದ ಕುಬ್ಜ ಕಪ್ಪೆಗಳ ತೊಟ್ಟಿಯಿಂದ ಸಾಲ್ಮೊನೆಲ್ಲಾ ಭೇದಿ ಹರಡಿ 40ಕ್ಕೂ ಹೆಚ್ಚು ರಾಜ್ಯಗಳ ಜನ ಕಾಯಿಲೆ ಬಿದ್ದರು. ಬಹುಪಾಲು ಚಿಕ್ಕ ಮಕ್ಕಳು.

ಹೊಸ ಕಪ್ಪೆ ಬಂದಾಗ

ಇಷ್ಟು ಶ್ರಮಪಟ್ಟು ಸಿದ್ಧಮಾಡಿದ ತೊಟ್ಟಿಗೆ ಹೊಸ ಕಪ್ಪೆಯನ್ನು ಅಂದೇ ಬಿಟ್ಟರೆ ಎಲ್ಲ ನೀರುಪಾಲು. ರೋಗ ಅದರ ಮೈಮೇಲೆಯೇ ಬಂದಿರಬಹುದು. ಅದಕ್ಕೆ ಮೊದಲು ಬೇರೊಂದು ಪ್ಲಾಸ್ಟಿಕ್ ಡಬ್ಬಿ ಬೇಕು. ಗಾಳಿಗೆ ತೂತು, ತಳಕ್ಕೆ ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದ, ಅಡಗಲು ಒಂದು ಚೂರು ಪ್ಲಾಸ್ಟಿಕ್ ಪೈಪು, ನೀರಿನ ಬಟ್ಟಲು. ಕಾಗದವನ್ನು ದಿನಾ ಬದಲಿಸಿ. ಈ ಏಕಾಂತ ಕನಿಷ್ಠ 30 ದಿನ, ಅನುಭವಿಗಳು 60ರಿಂದ 90 ದಿನ ಇಡುತ್ತಾರೆ. ಬಿಳಿ ಕಾಗದದ ಮೇಲೆ ಹಿಕ್ಕೆ, ಹುಳು, ಉದುರಿದ ಚರ್ಮ ಸ್ಪಷ್ಟವಾಗಿ ಕಾಣುತ್ತದೆ. ಕಪ್ಪೆ ಮೇಲಿಂದ ಮೇಲೆ ಚರ್ಮ ಕಳಚುತ್ತಿದ್ದರೆ, ಹಗಲಿನಲ್ಲಿ ಕಾಲು ಚಾಚಿ ಬಯಲಲ್ಲಿ ಕೂತರೆ, ಮೇವು ಬಿಟ್ಟರೆ, ಮಗುಚಿ ಹಾಕಿದಾಗ ತಟ್ಟನೆ ಏಳದಿದ್ದರೆ ಕೈಟ್ರಿಡ್ಡಿನ ಅನುಮಾನಪಡಬೇಕು. ಹಿಡಿದ ರೋಗಕ್ಕೆ ಔಷಧಿ ಇದೆ. ಮನುಷ್ಯರ ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲನ್ನೇ ಬಹಳ ತೆಳುವಾಗಿ ಬೆರೆಸಿದ ನೀರಿನಲ್ಲಿ ದಿನಕ್ಕೆ ಐದು ನಿಮಿಷದಂತೆ ಹಲವು ದಿನ ಮೀಯಿಸುತ್ತಾರೆ. ಪ್ರಮಾಣ ತಪ್ಪಿದರೆ ಕಪ್ಪೆಯೇ ಹೋಗುತ್ತದೆ, ಪಶುವೈದ್ಯರಿಲ್ಲದೆ ಮಾಡುವ ಕೆಲಸವಲ್ಲ.

ಮನೆಯಲ್ಲಿ ಮೊದಲೇ ಬೇರೆ ಕಪ್ಪೆಗಳಿದ್ದರೆ ಅವಕ್ಕೆ ಮೇವು ಹಾಕಿದ ಮೇಲೆ ಹೊಸತರ ಬಳಿ ಹೋಗಬೇಕು, ತಿರುಗುಮುರುಗಾಗಬಾರದು. ಇಕ್ಕಳ, ಬಟ್ಟಲು, ನೀರು ಸಿಂಪಡಿಸುವ ಬಾಟಲಿ ಬೇರೆ ಬೇರೆ ಇರಲಿ.

ಕಾನೂನಿನ ಮಾತೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ, ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಅದರ ನಿಯಮಗಳು 2024ರಲ್ಲಿ ಬಂದವು, ಅರ್ಜಿ ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ. ಬಣ್ಣಬಣ್ಣದ ವಿಷಕಪ್ಪೆಗಳು ಆ ಪಟ್ಟಿಯಲ್ಲಿವೆ. ನಮ್ಮ ಊರಿನ ಕೆಲವು ಕಪ್ಪೆಗಳಿಗೂ ಕಾಯ್ದೆಯ ರಕ್ಷಣೆ ಇರುವುದರಿಂದ ಗದ್ದೆಯ ಕಪ್ಪೆ ಹಿಡಿದು ತೊಟ್ಟಿಗೆ ಹಾಕುವ ಯೋಚನೆ ಬೇಡ. ಅಂಗಡಿಯಿಂದ ಕೊಳ್ಳುವಾಗ ಕಪ್ಪೆ ಸಾಕಣೆಯಲ್ಲಿ ಹುಟ್ಟಿದ್ದೋ ಕಾಡಿನಿಂದ ಹಿಡಿದದ್ದೋ ಕೇಳಿ, ರಸೀದಿ ಪಡೆಯಿರಿ.

ಏಕಾಂತದ ಈ ದಿನಗಳು ತೊಟ್ಟಿಗೂ ಬೇಕು. ಬ್ಲೀಚಿನಿಂದ ಕೆಟ್ಟ ರೋಗಾಣುಗಳ ಜತೆ, ಹಿಕ್ಕೆಯ ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿರುತ್ತವೆ. ಹೊಸ ನಾರಿನ ಪುಡಿ ಹಾಸಿ, ಹೊಸ ಗಿಡ ನೆಟ್ಟು, ಕ್ಲೋರಿನ್ನಿಲ್ಲದ ನೀರು ಸಿಂಪಡಿಸುತ್ತ ನಾಲ್ಕರಿಂದ ಆರು ವಾರ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ, ಗಿಡಗಳೂ ಬೇರು ಹಿಡಿಯುತ್ತವೆ. ಡಬ್ಬಿಯಲ್ಲಿರುವ ಕಪ್ಪೆ ಅಷ್ಟು ದಿನವೂ ಚೆನ್ನಾಗಿ ತಿಂದು ಗೆಲುವಾಗಿದ್ದರೆ, ಸಂಜೆ ತಂಪಾದ ಮೇಲೆ ಅದನ್ನು ತೊಟ್ಟಿಗೆ ಬಿಡಬಹುದು.